ಚಾವಿಗೊಂಚಲು

ನಮ್ಮ ಗಾಡಿಯ ಚಾವಿಗೊಂಚಲಿನಲ್ಲಿ ಏಳು ಚಾವಿಗಳಿದ್ದವು. ಅದರಲ್ಲಿ ಗಾಡಿ ಸ್ಟಾರ್ಟ್ ಮಾಡುವ ಚಾವಿ ಒಂದೇ. ಉಳಿದವು ಮಾಟುಂಗದ ಖೋಲಿಯದು, ಗೋದಾಮಿನ ಎರಡು ಬೀಗದ್ದು, ಡೀಸೆಲ್ ಟ್ಯಾಂಕಿನದು, ಕಪಾಟಿನದು. ಇನ್ನೊಂದು ಯಾವುದರದೆಂದು ಅಪ್ಪಯ್ಯನಿಗೂ ನೆನಪಿರಲಿಲ್ಲ. ಜೊತೆಗೆ ಸೋಡಾ ಬಾಟಲಿಯ ಓಪನರ್, ಊರ ಜಾತ್ರೆಯಲ್ಲಿ ಕೊಂಡ ಹಿತ್ತಾಳೆಯ ಸಣ್ಣ ಗಂಟೆ. ಗಾಡಿ ಹೊಂಡಕ್ಕಿಳಿದಾಗಲೆಲ್ಲ ಅದು ಛಣ್ ಎನ್ನುತ್ತಿತ್ತು.

1997ರ ಮಾತು. ನನಗೆ ಹದಿನೇಳು. ಗಾಡಿ ಅಂದರೆ ಫೋರ್ ನಾಟ್ ಸೆವೆನ್, ಟಾಟಾದವರು 1986ರಲ್ಲಿ ಹೊರತಂದ ಸಣ್ಣ ಲಾರಿ. ಮುಂಬಯಿಯಲ್ಲಿ ಅದನ್ನೂ ಟೆಂಪೊ ಎಂದೇ ಕರೆಯುತ್ತಾರೆ. ನಮ್ಮದು ಮೂರನೆಯ ಕೈಗೆ ಬಂದ ಹಳೆಯ ಗಾಡಿ. ಮಾಟುಂಗ ಎಂದರೆ ಕನ್ನಡಿಗರಿಗೆ 1926ರ ಮೈಸೂರು ಅಸೋಸಿಯೇಷನ್ ನೆನಪಾಗುತ್ತದೆ, ಸ್ಟೇಷನ್ನಿನೆದುರು ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ನೆನಪಾಗುತ್ತದೆ. ನಮಗೆ ಮಾಟುಂಗ ಎಂದರೆ ಬೆಳಗಿನ ಜಾವ ಮೂರು ಗಂಟೆ. ಸಗಟು ತರಕಾರಿ ಬಜಾರು ಆಗಲೇ ವಾಶಿಗೆ ಹೋಗಿಯಾಗಿತ್ತು. ಅಲ್ಲಿಂದ ಬೂದುಗುಂಬಳ, ತೊಂಡೆಕಾಯಿ, ತೆಂಗಿನಕಾಯಿ, ಬಾಳೆಲೆ ಕಟ್ಟು ಹೇರಿಕೊಂಡು, ಖಾಡಿಯ ಸೇತುವೆ ದಾಟಿ, ಚೆಂಬೂರು, ಸಾಯನ್ ಹಾದು, ಹೋಟೆಲುಗಳಲ್ಲಿ ಸಾಂಬಾರಿನ ಒಲೆ ಹತ್ತುವ ಮೊದಲು ಇಳಿಸಬೇಕು. ಗಾಡಿ ಓಡಿಸುತ್ತಿದ್ದವರು ಕುಂದಾಪುರದ ಕಡೆಯ ಒಬ್ಬ ಅಣ್ಣ. ಎಂಟು ವರ್ಷದಿಂದ ನಮ್ಮಲ್ಲಿದ್ದರು. ಗೋದಾಮಿನ ಅಟ್ಟದಲ್ಲೇ ಮಲಗುತ್ತಿದ್ದರು.

ಆ ಮಳೆಗಾಲದಲ್ಲಿ ಇಗ್ನಿಷನ್ ಕೈಕೊಟ್ಟಿತು. ಚಾವಿ ತಿರುಗಿಸಿದರೆ ಸ್ಟಾರ್ಟರ್ ಹಿಡಿಯುತ್ತಿತ್ತು, ಆದರೆ ಕೈಬಿಟ್ಟರೂ ಚಾವಿ ಹಿಂದಕ್ಕೆ ಬರುತ್ತಿರಲಿಲ್ಲ. ಎಂಜಿನ್ ಶುರುವಾದ ಮೇಲೂ ಸ್ಟಾರ್ಟರ್ ಕಿರುಚುತ್ತಲೇ ಇರುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ನಾನು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ, ವಯರಿಂಗು ನನಗೆ ಗೊತ್ತು ಎಂಬ ಜಂಬ. ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಒಬ್ಬನನ್ನು ನಾನೇ ಕರೆತಂದೆ. ಅವನು ಸ್ವಿಚ್ಚಿನ ಹಿಂದಿನ ವಯರುಗಳನ್ನು ಕಿತ್ತು ಒಂದಕ್ಕೊಂದು ಸುತ್ತಿ, ಡ್ಯಾಶ್‌ಬೋರ್ಡಿಗೆ ಮನೆಬಾಗಿಲಿನ ಬೆಲ್ ಬಟನ್ ಒಂದನ್ನು ಕೂರಿಸಿದ. ಒತ್ತಿದರೆ ಸ್ಟಾರ್ಟ್. ಮೂವತ್ತು ರೂಪಾಯಿ. ಅಪ್ಪಯ್ಯ ನನ್ನ ಬೆನ್ನು ತಟ್ಟಿದರು.

ಆ ಕಾಲದ ಡೀಸೆಲ್ ಗಾಡಿ ನಿಲ್ಲಿಸಲು ಚಾವಿ ಬೇಕಿರಲಿಲ್ಲ, ಪಂಪಿಗೆ ಡೀಸೆಲ್ ಕಡಿಯುವ ಒಂದು ಎಳೆಯುವ ಕೇಬಲ್ ಇತ್ತು. ಈಗ ಸ್ಟಾರ್ಟಿಗೂ ಬೇಡವಾಯಿತು. ಚಾವಿಗೆ ಉಳಿದದ್ದು ಬೆಳಿಗ್ಗೆ ಸ್ಟಿಯರಿಂಗಿನ ಬೀಗ ಬಿಡಿಸುವ ಕೆಲಸವೊಂದೇ. ಆಮೇಲೆ ಅದು ತೂತಿನಲ್ಲಿ ಸುಮ್ಮನೆ ನೇತಾಡುತ್ತಿತ್ತು. ಸವೆದು ಎಷ್ಟು ಸಡಿಲಾಗಿತ್ತೆಂದರೆ ಓಡುತ್ತಿರುವಾಗಲೇ ಜಾರಿ ಕೆಳಗೆ ಬೀಳುತ್ತಿತ್ತು. ರಜೆಯ ದಿನ ಅಣ್ಣನ ಜೊತೆ ಹೋದಾಗ ಎರಡು ಸಲ ನಾನೇ ಎತ್ತಿ ಸಿಕ್ಕಿಸಿದ್ದೆ. ಇಬ್ಬರೂ ನಕ್ಕಿದ್ದೆವು.

ಮೂರನೆಯ ಸಲ ಬಿದ್ದಾಗ ನಾವು ಕಿಂಗ್ಸ್ ಸರ್ಕಲ್ಲಿನಲ್ಲಿದ್ದೆವು. ಮಾಹೇಶ್ವರಿ ಉದ್ಯಾನವನ್ನು ಸುತ್ತಲು ಅಣ್ಣ ಸ್ಟಿಯರಿಂಗ್ ತಿರುಗಿಸುತ್ತಿದ್ದರು. ಛಣ್ ಎಂದು ಗಂಟೆ ಕಾಲಬುಡದಲ್ಲಿ ಬಿತ್ತು. ಅದರ ಹಿಂದೆಯೇ ಟಕ್ ಎಂದು ಇನ್ನೊಂದು ಸದ್ದು. ಗಾಡಿ ತಿರುಗಿದ ದಿಕ್ಕಿಗೇ ಹೋಗಿ ಫುಟ್‌ಪಾತ್ ಹತ್ತಿ ಕಂಬಕ್ಕೆ ತಾಗಿ ನಿಂತಿತು. ಹಾಲಿನ ಕ್ರೇಟು ಕಟ್ಟಿಕೊಂಡು ಬರುತ್ತಿದ್ದವನೊಬ್ಬ ಸೈಕಲ್ ಬಿಟ್ಟು ಹಾರಿಕೊಂಡ. ಅವನ ಸೈಕಲ್ ನಮ್ಮ ಚಕ್ರದಡಿ ಹೋಯಿತು. ಅವನಿಗೆ ಮೊಣಕೈ ತರಚಿತ್ತು, ಅಷ್ಟೇ. ಒಂದು ಹೆಜ್ಜೆ ತಡವಾಗಿದ್ದರೆ ಎಂದು ಇವತ್ತಿಗೂ ಯೋಚಿಸುತ್ತೇನೆ.

ಅಪ್ಪಯ್ಯ ಓಡಿಬಂದವರು ಮೊದಲು ಕೇಳಿದ್ದು ಅಣ್ಣನನ್ನು: “ನಿದ್ದಿ ಬಂದಿತ್ತಾ?”

“ನಿದ್ದಿ ಅಲ್ಲ ಶೆಟ್ರೆ. ಸ್ಟೇರಿಂಗ್ ಒಮ್ಮೆಗೆ ಗಟ್ಟಿ ಆಯ್ತ್.”

“ಇಷ್ಟ್ ವರ್ಷ ಆಗ್ದಿದ್ದ್ ಇವತ್ತೇ ಆಯ್ತಾ?”

ನೆರೆದ ಜನರೂ ಅದನ್ನೇ ಹೇಳಿದರು. ರಾತ್ರಿ ಗಾಡಿ ಓಡಿಸುವವನು, ನಿದ್ದೆ ಹೊಡೆದಿರುತ್ತಾನೆ. ಅಣ್ಣ ಮತ್ತೆ ಮಾತಾಡಲಿಲ್ಲ. ನಾನು ಕ್ಲಚ್ಚಿನ ಬಳಿ ಬಿದ್ದಿದ್ದ ಗೊಂಚಲನ್ನು ಹೆಕ್ಕಿ ಅಪ್ಪಯ್ಯನ ಕೈಗೆ ಕೊಟ್ಟೆ. ಎಲ್ಲಿ ಸಿಕ್ಕಿತೆಂದು ಹೇಳಲಿಲ್ಲ. ಹೇಳಿದರೆ ಬೆಲ್ ಬಟನ್ನಿನ ಮಾತು ಬರುತ್ತದೆ, ಅದು ಬಂದರೆ ನನ್ನ ಮಾತೂ ಬರುತ್ತದೆ ಎಂಬ ಲೆಕ್ಕ ಆ ಗಳಿಗೆಯಲ್ಲೂ ನನ್ನ ತಲೆಯಲ್ಲಿ ಸರಿಯಾಗಿಯೇ ನಡೆದಿತ್ತು. ಮರುದಿನ ಅಣ್ಣ ಚಾಪೆ ಸುತ್ತಿಕೊಂಡು ಚೆಂಬೂರಿನ ಸಂಬಂಧಿಕರ ಹೋಟೆಲಿಗೆ ಹೋದರು.

ಗಾಡಿಯನ್ನು ವಡಾಲಾದ ಗ್ಯಾರೇಜಿಗೆ ಎಳೆಸಿದೆವು. ಅಲ್ಲಿನ ಹಿರಿಯ ಮಿಸ್ತ್ರಿಯನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರು ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಆಮೇಲೆ ಸ್ಟಿಯರಿಂಗ್ ಕಾಲಂನ ಕವರು. ಲಾಕನ್ನು ಕಾಲಂಗೆ ಹಿಡಿದಿದ್ದ ಎರಡು ಬೋಲ್ಟುಗಳಿಗೆ ತಲೆಯೇ ಇರಲಿಲ್ಲ. ಬಿಗಿ ಸಾಕಾದ ಕ್ಷಣ ತಲೆ ತಾನಾಗಿ ಮುರಿದು ಬೀಳುವಂತೆ ಅವನ್ನು ಮಾಡಿರುತ್ತಾರೆ, ಕಳ್ಳನ ಪಾನಾಕ್ಕೆ ಹಿಡಿತ ಸಿಗಬಾರದೆಂದು. ಚಾಚಾ ಸಣ್ಣ ಉಳಿಯಿಂದ ಅಂಚಿನಲ್ಲಿ ಕಚ್ಚು ಮಾಡಿ, ಹಗುರವಾಗಿ ಬಡಿದು ಬಡಿದು ತಿರುಗಿಸಿ ತೆಗೆದರು. ಅರ್ಧ ಗಂಟೆ ಹಿಡಿಯಿತು. ಸಣ್ಣ ತೂತಿನಲ್ಲಿ ತಂತಿ ಒತ್ತಿ ಚಾವಿಯ ಬ್ಯಾರಲ್ಲನ್ನು ಎಳೆದು, ಎಲ್ಲವನ್ನೂ ಹಳೆಯ ಪೇಪರಿನ ಮೇಲೆ ಇಟ್ಟರು.

ಒಂದೇ ಡಬ್ಬಿಯಲ್ಲಿ ಎರಡು ಯಂತ್ರ ಎಂದು ಅವತ್ತು ಗೊತ್ತಾಯಿತು. ಹಿಂದಿನದು ಕರೆಂಟಿನದು: 30 ನಂಬರಿಗೆ ಬ್ಯಾಟರಿ, 15ಕ್ಕೆ ಇಗ್ನಿಷನ್, 50ಕ್ಕೆ ಸ್ಟಾರ್ಟರ್. ಮುಂದಿನದು ಬರೀ ಕಬ್ಬಿಣದ ಕೆಲಸ: ಸ್ಪ್ರಿಂಗಿನ ಬಲದಲ್ಲಿ ಸದಾ ಮುಂದಕ್ಕೆ ನುಗ್ಗಲು ನೋಡುವ ಒಂದು ಬೋಲ್ಟು. ಚಾವಿ ತೆಗೆದಾಗ ಅದು ಕಾಲಂನ ಕಚ್ಚಿಗೆ ಹೋಗಿ ಕೂರುತ್ತದೆ, ಸ್ಟಿಯರಿಂಗ್ ಅಲುಗದು. ಓಡುವಾಗ ಅದನ್ನು ಹಿಂದೆ ಹಿಡಿದಿಡಲು ನಮ್ಮ ಲಾಕಿನಲ್ಲಿ ಎರಡು ಕಾವಲು. ಒಂದು ಬ್ಯಾರಲ್ಲಿನ ಜೊತೆ ತಿರುಗುವ ಸತುವಿನ ಮಿಶ್ರಲೋಹದ ಕ್ಯಾಮ್, ಇನ್ನೊಂದು ಒಳಗಿರುವ ಚಾವಿಯೇ. ಕ್ಯಾಮಿನ ಭುಜ ಮುರಿದಿತ್ತು. ಬ್ಯಾರಲ್ಲಿನ ಹಿತ್ತಾಳೆ ಪತ್ತಿಗಳು ಸವೆದಿದ್ದವು. ಎಲೆಕ್ಟ್ರಿಷಿಯನ್ ಹಿಂದಿನ ಯಂತ್ರವನ್ನು ಬಿಟ್ಟುಹಾಕಿ ದಾರಿ ಮಾಡಿದ್ದ, ಮುಂದಿನದನ್ನು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಚಾಚಾ ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿದರು. “ಓಡುವಾಗ ಚಾವಿ ಬೀಳ್ತಿತ್ತಾ?” ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪಯ್ಯ ಇಲ್ಲವೆಂದು ತಲೆಯಾಡಿಸಿದರು.

“ಬೀಳ್ತಿತ್ತು” ಎಂದೆ. “ಅವತ್ತೂ ಬಿತ್ತು. ಮೊದಲು ಗಂಟೆ ಬಿದ್ದ ಸದ್ದು, ಆಮೇಲೆ ಟಕ್.”

ಅಪ್ಪಯ್ಯ ಬೈಯಲಿಲ್ಲ. ನನ್ನನ್ನು ನೋಡಿದರು, ಪೇಪರಿನ ಮೇಲಿದ್ದ ಬೋಲ್ಟನ್ನು ನೋಡಿದರು, ಹೊರಗೆ ಹೋಗಿ ನಿಂತರು.

ಕುರ್ಲಾದಿಂದ ಹಳೆಯ ಲಾಕ್ ತಂದರೆ ಅಗ್ಗ ಎಂದು ಯಾರೋ ಹೇಳಿದರು. ಬಾಗಿಲ ಹಿಡಿಯಾದರೆ ಕುರ್ಲಾ ಸರಿ, ಇದಕ್ಕೆ ಬೇಡ ಎಂದರು ಚಾಚಾ. ಹೊಸ ಸೆಟ್ ತರಿಸಿ, ವಯರುಗಳನ್ನು ಮೂಲದಂತೆ ಜೋಡಿಸಿ, ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ, ಚಾವಿಯ ಒಂದೊಂದು ಸ್ಥಾನದಲ್ಲೂ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿದರು. ಎಲ್ಲ ಸರಿಯೆಂದಾದ ಮೇಲೆಯೇ ಪಾನಾ ಹಾಕಿದ್ದು. ಟಿಕ್, ಟಿಕ್ ಎಂದು ಎರಡು ತಲೆಗಳು ಮುರಿದು ಬಿದ್ದವು. ಬೆಲ್ ಬಟನ್ನನ್ನು ಕಿತ್ತು ನನ್ನ ಕೈಗೆ ಕೊಟ್ಟರು.

ಅದೇ ಸಂಜೆ ಅಪ್ಪಯ್ಯ ನನ್ನನ್ನೂ ಕರೆದುಕೊಂಡು ಚೆಂಬೂರಿಗೆ ಹೋದರು. ಚಹಾ ಬಂತು. ಅಪ್ಪಯ್ಯ ಒಂಟಿ ಚಾವಿಯನ್ನು ಮೇಜಿನ ಮೇಲಿಟ್ಟು, “ಲಾಕ್ ಹೋಯಿತ್ತ್. ನಿಂದ್ ತಪ್ಪಲ್ಲ” ಎಂದರು. ನಾನು ಉಳಿದದ್ದನ್ನು ಹೇಳಿದೆ. ಅಣ್ಣ ಕೇಳಿಸಿಕೊಂಡು, ಇಲ್ಲಿ ಈ ತಿಂಗಳಿಗೆ ಮಾತು ಕೊಟ್ಟಾಗಿದೆ ಎಂದರು. ಆ ತಿಂಗಳು ಪೂರ್ತಿ ಅಪ್ಪಯ್ಯನೇ ಮೂರು ಗಂಟೆಗೆ ಎದ್ದು ಗಾಡಿ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ತಿಂಗಳು ಮುಗಿದ ಮೇಲೆ ಅಣ್ಣ ಬಂದರು.

2014ರಲ್ಲಿ ಜನರಲ್ ಮೋಟಾರ್ಸ್ ಸುದ್ದಿ ಓದಿದಾಗ ಇದೆಲ್ಲ ಮರಳಿ ಬಂತು. ಅಮೆರಿಕದ ಆ ಕಂಪನಿ ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿತು. ಸ್ವಿಚ್ಚಿನೊಳಗಿನ ಸ್ಪ್ರಿಂಗ್ ದುರ್ಬಲವಾಗಿ, ಓಡುವಾಗಲೇ ಚಾವಿ ಸ್ಥಾನ ತಪ್ಪಿ, ಎಂಜಿನ್ ಆರಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿತು. ಕಂಪನಿಯೊಳಗೆ ಕೆಲವರಿಗೆ ವರ್ಷಗಳಿಂದ ಗೊತ್ತಿತ್ತು. ಭಾಗವನ್ನು ಬದಲಿಸಿಯೂ ಅದರ ನಂಬರನ್ನು ಬದಲಿಸಿರಲಿಲ್ಲ. ರಿಪೇರಿಯಾಗುವವರೆಗೆ ಗೊಂಚಲಿನಿಂದ ಉಳಿದೆಲ್ಲ ತೆಗೆದು ಬರೀ ಚಾವಿಯಿಂದ ಓಡಿಸಿ ಎಂದು ಮಾಲೀಕರಿಗೆ ಸೂಚನೆ ಹೋಯಿತು.

ಆ ದೊಡ್ಡ ಕಂಪನಿಯ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಗೊತ್ತಿದ್ದೂ ಸುಮ್ಮನಿರುವುದು ಹೇಗೆಂದು ಊಹಿಸಲು ನನಗೆ ಕಷ್ಟವಾಗಲಿಲ್ಲ. ಕೈಯಲ್ಲಿ ಗೊಂಚಲು ಹಿಡಿದುಕೊಂಡೇ ಸುಮ್ಮನೆ ನಿಂತಿದ್ದವನು ನಾನು.

ಈಗ ನನ್ನ ಕಾರಿನ ಚಾವಿ ಒಂಟಿಯಾಗಿಯೇ ಇರುತ್ತದೆ. ಕಳೆದುಹೋಗುತ್ತದೆ ಎಂದು ಮನೆಯವರು ಬೈಯುತ್ತಾರೆ. ಎರಡು ಸಲ ಕಳೆದೂ ಹೋಗಿದೆ.