ಕಲಾಯಿ ಹಾಕಿದ ಪಾತ್ರೆ

ಹಿತ್ತಾಳೆಯ ಪಾತ್ರೆಗಳಲ್ಲಿ ಅಡಿಗೆ ಮಾಡುತ್ತಿದ್ದ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಕಲಾಯಿಯ ಮಹಿಮೆಯನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕಾಯಿಸಿದರೆ ಅದಕ್ಕೆ ಕಿಲುಬಿನ ರುಚಿಯು ಹತ್ತುವುದು. ಕಲಾಯಿಯಾದ ಪಾತ್ರೆಯಾದರೋ ತನ್ನದೆಂಬ ರುಚಿಯನ್ನು ಕೊಡದೆ, ಹಾಕಿದುದನ್ನು ಹಾಕಿದಂತೆಯೇ ಎಲೆಗೆ ಒಪ್ಪಿಸುವುದು. ಸಾರು ಚೆನ್ನಾಗಿದ್ದರೆ ಯಾರೂ ಪಾತ್ರೆಯನ್ನು ಹೊಗಳುವುದಿಲ್ಲ. ಸಾರು ಕೆಟ್ಟರೆ ಅಂತಹ ಪಾತ್ರೆಯನ್ನು ದೂರುವುದಕ್ಕೂ ಬರುವುದಿಲ್ಲ. ಕಳೆದ ವರ್ಷ ನಾವು ಮನೆಗೆ ತಂದ ಆಂಪ್ಲಿಫೈಯರು ಈ ಜಾತಿಯದು. ಇಷ್ಟನ್ನು ತಿಳಿದುಕೊಳ್ಳುವುದಕ್ಕೆ ನಮಗೆ ಮೂರು ವಾರಗಳು ಹಿಡಿದವು. ಅಷ್ಟರೊಳಗೆ ಅದನ್ನು ಅಂಗಡಿಗೆ ಹಿಂದಿರುಗಿಸಲು ಎರಡು ಸಲ ಹೊರಟು ನಿಂತಿದ್ದೆವು.

ಸಂಗತಿಯು ಹೀಗಾಯಿತು. ನಮ್ಮ ತಾಯಿಯವರು ನಡುಮನೆಯಲ್ಲಿ ಕುಳಿತು ಹಾಡಿದ ಏಳು ದೇವರನಾಮಗಳ ಕ್ಯಾಸೆಟ್ಟೊಂದು ನಮ್ಮಲ್ಲಿದೆ. 1986ರ ಬೇಸಗೆಯ ರಜದಲ್ಲಿ ಊರಿಗೆ ಹೋಗಿದ್ದಾಗ ನಾವೇ ಅದನ್ನು ಧ್ವನಿಮುದ್ರಿಸಿದೆವು. ಮಾರನೆಯ ವರ್ಷ ಅವರು ತೀರಿಕೊಂಡರು. ಟೇಪು ಹಳತಾಗುತ್ತ ಬಂದುದರಿಂದ ನಮ್ಮ ಅಕ್ಕನ ಮಗನು ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದನು. ರಾತ್ರಿ ಮನೆಯವರೆಲ್ಲರೂ ಮಲಗಿದ ತರುವಾಯ ಹೆಡ್‌ಫೋನು ಹಾಕಿಕೊಂಡು, ಹಳೆಯ ರಿಸೀವರಿನ ಮೂಲಕ ಅದನ್ನು ಕೇಳುವುದು ನಮಗೆ ಅಭ್ಯಾಸವಾಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚಾಗಿ ದುಡಿದ ಆ ರಿಸೀವರು ಕಳೆದ ವರ್ಷ ಒಂದು ದಿನ ಹೊಗೆಯ ವಾಸನೆಯನ್ನು ಬಿಟ್ಟು ಸುಮ್ಮನಾಯಿತು.

ಅದರ ಸ್ಥಾನಕ್ಕೆ ಹೊಸದನ್ನು ತರಬೇಕೆಂದು ಹೊರಟಾಗ, ಒಳಬಂದ ಧ್ವನಿಗೆ ಏನನ್ನೂ ಸೇರಿಸದೆ ಏನನ್ನೂ ಕಳೆಯದೆ ದೊಡ್ಡದು ಮಾತ್ರ ಮಾಡುವ ಆಂಪ್ಲಿಫೈಯರೇ ಉತ್ತಮವೆಂದು ಓದಿ ತಿಳಿದಿದ್ದೆವು. ಅಂತಹುದನ್ನೇ ಕೊಂಡೆವು. ಅದೇ ರಾತ್ರಿ ಹಳೆಯ ಹೆಡ್‌ಫೋನನ್ನು ಅದಕ್ಕೆ ಸೇರಿಸಿ ಮೊದಲನೆಯ ದೇವರನಾಮವನ್ನು ಹಚ್ಚಿದೆವು. ನಮ್ಮ ಎದೆ ಕುಸಿಯಿತು. ತಾಯಿಯ ಕಂಠವು ತೆಳ್ಳಗಾಗಿತ್ತು. ತಂಬೂರಿಯ ಮಂದ್ರವು ಬಡವಾಗಿತ್ತು. ಹಾಡಿನ ಸುತ್ತಲೂ ಟೇಪಿನ ಸುಯ್ಯೆಂಬ ಸದ್ದು ಮಳೆಯಂತೆ ಹಿಡಿದುಕೊಂಡಿತ್ತು. ಅಷ್ಟು ಹಣವನ್ನು ಕೊಟ್ಟು ತಾಯಿಯ ಧ್ವನಿಯನ್ನೇ ಕಳೆದುಕೊಂಡೆವಲ್ಲಾ ಎಂದು ಆ ರಾತ್ರಿ ನಿದ್ರೆ ಬಾರಲಿಲ್ಲ.

ಅಂಗಡಿಯವರಲ್ಲಿ ದೂರಿದಾಗ ಅವರು, “ನಿಮ್ಮ ಹೆಡ್‌ಫೋನಿಗೆ ಇದು ಹೊಂದುವುದಿಲ್ಲ, ಸ್ವಾಮಿ. ಸ್ವಲ್ಪ ಬಿಸುಪಿನ ಧ್ವನಿಯ ಆಂಪ್ಲಿಫೈಯರು ಬೇಕು. ಇನ್ನೊಂದಷ್ಟು ಹಣ ಹಾಕಿದರೆ ಬದಲಿಸಿಕೊಡುತ್ತೇವೆ” ಎಂದರು. ನಮಗೂ ಅದು ಸರಿಯೆಂದೇ ತೋರಿತು. ಆದರೆ ಗೃಹಿಣಿಯು, “ಒಂದು ಸಲ ಓದಿ ಕೊಂಡದ್ದಾಯಿತು. ಈ ಸಲ ತಿಳಿದವರನ್ನು ಕೇಳಿ ಕೊಳ್ಳಬಾರದೆ?” ಎಂದುದರಿಂದ, ಅಕ್ಕನ ಮಗನಿಗೆ ಹೇಳಿ ಕಳುಹಿಸಿದೆವು. ಅವನು ಎಂಜಿನಿಯರು. ಮುಂದಿನ ಭಾನುವಾರ ಅಕ್ಕನನ್ನೂ ಕರೆದುಕೊಂಡು ಬಂದನು.

ಬಂದವನು ಹೊಸ ಯಂತ್ರವನ್ನು ಮುಟ್ಟಲಿಲ್ಲ. ಅಟ್ಟ ಸೇರಿದ್ದ ಹಳೆಯ ರಿಸೀವರನ್ನು ಇಳಿಸಿ, ಮುಚ್ಚಳವನ್ನು ಬಿಚ್ಚಿ, ಹೆಡ್‌ಫೋನಿನ ತೂತಿನ ಹಿಂದೆ ಇದ್ದ ಒಂದು ಸಣ್ಣ ರೆಸಿಸ್ಟರನ್ನು ತೋರಿಸಿದನು. “ಮಾವ, ನಿಮ್ಮ ಬಿಸುಪೆಲ್ಲಾ ಇಲ್ಲಿದೆ ನೋಡಿ” ಎಂದನು.

ಅವನು ಹೇಳಿದುದನ್ನು ನಮಗೆ ತಿಳಿದಷ್ಟರ ಮಟ್ಟಿಗೆ ಬರೆಯುತ್ತೇವೆ. ಆ ಕಾಲದ ಅನೇಕ ರಿಸೀವರುಗಳಲ್ಲಿ ಹೆಡ್‌ಫೋನಿಗೆಂದು ಬೇರೆ ಆಂಪ್ಲಿಫೈಯರು ಇರುತ್ತಿರಲಿಲ್ಲ. ಸ್ಪೀಕರಿಗೆ ಹೋಗುವ ವಿದ್ಯುತ್ತನ್ನೇ ದೊಡ್ಡದೊಂದು ರೆಸಿಸ್ಟರಿನ ಮೂಲಕ ತಗ್ಗಿಸಿ ಕೊಡುತ್ತಿದ್ದರು. ನಮ್ಮದರಲ್ಲಿ ಇದ್ದುದು 330 ಓಮಿನದು. ನಮ್ಮ ಹೆಡ್‌ಫೋನಿನ ಮೇಲೆ 300 ಓಮ್ ಎಂದು ಬರೆದಿದೆ. ಆದರೆ ಆ ಸಂಖ್ಯೆಯು ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ; ಮಂದ್ರದ ಒಂದು ಭಾಗದಲ್ಲಿ ಅದು ಹೆಚ್ಚು ಕಡಮೆ ಇಮ್ಮಡಿಯಾಗುವುದು. ಹೀಗಾಗಿ ಉಳಿದ ಸ್ವರಗಳಲ್ಲಿ ವೋಲ್ಟೇಜಿನ ನೂರಕ್ಕೆ 48 ಪಾಲು ಹೆಡ್‌ಫೋನಿಗೆ ದಕ್ಕಿದರೆ, ಆ ಮಂದ್ರದಲ್ಲಿ 65 ಪಾಲು ದಕ್ಕುತ್ತಿತ್ತು. ಡೆಸಿಬೆಲ್ಲಿನ ಲೆಕ್ಕದಲ್ಲಿ ಇದು ಸುಮಾರು ಎರಡೂವರೆಯಷ್ಟು ಏರಿಕೆ. ತಾಯಿಯ ಕಂಠದಲ್ಲಿ ನಾವು ಕೇಳುತ್ತಿದ್ದ ತುಂಬುತನದಲ್ಲಿ ಒಂದು ಪಾಲು ಈ ರೆಸಿಸ್ಟರಿನದಾಗಿತ್ತು.

ಹೊಸ ಆಂಪ್ಲಿಫೈಯರಿನಲ್ಲಿ ಈ ಒಳತಡೆಯು ಒಂದು ಓಮಿಗಿಂತಲೂ ಕಡಮೆ. ಹೆಡ್‌ಫೋನಿನ ಓಮು ಎಷ್ಟು ಏರಿದರೂ ಇಳಿದರೂ ಅದು ಕೊಡುವ ವೋಲ್ಟೇಜು ಬದಲಾಗುವುದಿಲ್ಲ. ಆಂಪ್ಲಿಫೈಯರಿನ ಒಳತಡೆಯು ಹೆಡ್‌ಫೋನಿನ ಓಮಿನ ಎಂಟನೆಯ ಒಂದು ಪಾಲಿಗಿಂತ ಹೆಚ್ಚಾಗಿರಬಾರದು ಎಂಬುದು ತಿಳಿದವರು ಇಟ್ಟುಕೊಂಡಿರುವ ನಿಯಮ. 32 ಓಮಿನ ಹೆಡ್‌ಫೋನಾದರೆ 4 ಓಮಿನೊಳಗೆ, 300 ಓಮಿನದಾದರೆ 37ರೊಳಗೆ ಇರಬೇಕು. ಓಮು ಹೆಚ್ಚಿದ್ದ ಹೆಡ್‌ಫೋನಿಗೆ ವೋಲ್ಟೇಜು ಹೆಚ್ಚಾಗಿ ಬೇಕು. ಕಡಮೆಯಿದ್ದುದಕ್ಕೆ ವಿದ್ಯುತ್ಪ್ರವಾಹವು ಹೆಚ್ಚಾಗಿ ಬೇಕು. ಆದುದರಿಂದಲೇ ಕೈಫೋನಿಗೆ ಸಿಕ್ಕಿಸಿದಾಗ 300 ಓಮಿನದು ಪಿಸುಗುಟ್ಟುವುದು, 32 ಓಮಿನದು ಧಾರಾಳವಾಗಿ ಹಾಡುವುದು. ಇಷ್ಟನ್ನು ಡಬ್ಬದ ಮೇಲಿನ ಅಂಕಿಗಳಿಂದಲೇ ಲೆಕ್ಕ ಹಾಕಬಹುದು, ಕಿವಿಯನ್ನು ಕೇಳಬೇಕಾದುದಿಲ್ಲ.

ಸ್ಪೀಕರುಗಳಿಗೂ ಇಂತಹುದೇ ಒಂದು ಲೆಕ್ಕವುಂಟು. ನಮ್ಮವು ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡತಕ್ಕವು. 3 ಡೆಸಿಬೆಲ್ ಕಡಮೆಯಿದ್ದ ಸ್ಪೀಕರಿಗೆ ಅಷ್ಟೇ ಗಟ್ಟಿಯಾಗಿ ನುಡಿಯಲು ಇಮ್ಮಡಿ ವಾಟು ಬೇಕು. 3 ಹೆಚ್ಚಿದ್ದುದಕ್ಕೆ ಅರ್ಧ ಸಾಕು. ಸಂಜೆ ಕುಳಿತು ಕೇಳುವ ಸಾಧಾರಣ ಸಂಗೀತಕ್ಕೆ ಒಂದು ವಾಟೂ ಖರ್ಚಾಗದು. ಮೃದಂಗದ ಪೆಟ್ಟೊಂದಕ್ಕೆ ಮಾತ್ರ ಕ್ಷಣಕಾಲ ಅದರ ಹತ್ತಿಪ್ಪತ್ತರಷ್ಟು ಬೇಕಾಗಬಹುದು. 4 ಓಮಿನ ಸ್ಪೀಕರು 8 ಓಮಿನದಕ್ಕಿಂತ ಇಮ್ಮಡಿ ಪ್ರವಾಹವನ್ನು ಎಳೆಯುವುದರಿಂದ, ಆಂಪ್ಲಿಫೈಯರು ಅದನ್ನು ತಾಳುವುದೇ ಎಂದು ಮೊದಲೇ ನೋಡಿಕೊಳ್ಳತಕ್ಕದ್ದು.

“ಹಾಗಾದರೆ ಬಿಸುಪಿನ ಆಂಪ್ಲಿಫೈಯರು ಕೊಂಡರೆ ತಪ್ಪೇನು?” ಎಂದು ನಾವು ಕೇಳಿದೆವು.

“ತಪ್ಪೇನಿಲ್ಲ, ಮಾವ. ಆದರೆ ಅದರ ಬಿಸುಪು ಈ ಹೆಡ್‌ಫೋನಿಗೆ ಒಂದು ತರಹ, ಇನ್ನೊಂದಕ್ಕೆ ಇನ್ನೊಂದು ತರಹ, ಸ್ಪೀಕರಿಗೆ ಮತ್ತೊಂದು ತರಹ ಹತ್ತುತ್ತದೆ. ಯಾವುದು ಯಾವುದರ ರುಚಿ ಎಂದು ಆಮೇಲೆ ಹೇಳುವುದಕ್ಕಾಗುವುದಿಲ್ಲ. ಸಾರಿಗೆ ಉಪ್ಪು ಬೇಕಾದರೆ ಸಾರಿಗೆ ಹಾಕಿ.”

ಅವನು ಹೇಳಿದ ಇನ್ನೊಂದು ವಿಷಯವು ನಮಗೆ ಆಶ್ಚರ್ಯವನ್ನುಂಟುಮಾಡಿತು. 1927ರ ಆಗಸ್ಟಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ಕೆಲಸಕ್ಕೆ ಹೋಗುತ್ತಿದ್ದಾಗ, ಹೊರಬಂದ ಧ್ವನಿಯ ಒಂದು ಪಾಲನ್ನು ಹಿಂದಕ್ಕೆ ತಂದು ಒಳಬಂದುದರೊಡನೆ ತಾಳೆ ನೋಡಿ ತಪ್ಪನ್ನು ತಗ್ಗಿಸುವ ಉಪಾಯವು ಹೊಳೆದು, ಕೈಯಲ್ಲಿದ್ದ ವೃತ್ತಪತ್ರಿಕೆಯ ಮೇಲೆಯೇ ಅದನ್ನು ಗುರುತು ಮಾಡಿಕೊಂಡರಂತೆ. ದೂರದೂರಿನ ಟೆಲಿಫೋನಿಗಾಗಿ ಹುಟ್ಟಿದ ಆ ಉಪಾಯದಿಂದ, ಇಂದು ಸಾಧಾರಣ ಬೆಲೆಯ ಆಂಪ್ಲಿಫೈಯರಿನಲ್ಲಿಯೂ ತಪ್ಪು ಸಾವಿರಕ್ಕೊಂದು ಪಾಲಿಗಿಂತ ಕಡಮೆಯಾಗಿರುವುದು. ಸ್ಪೀಕರುಗಳಾದರೋ 1925ರಲ್ಲಿ ರೈಸ್ ಮತ್ತು ಕೆಲಾಗ್ ಎಂಬವರು ತೋರಿಸಿದ ಕ್ರಮದಲ್ಲಿಯೇ ಇಂದಿಗೂ ಬಹುಮಟ್ಟಿಗೆ ನಡೆಯುತ್ತಿವೆ. ಮಂದ್ರದಲ್ಲಿ ಅವುಗಳ ತಪ್ಪು ನೂರಕ್ಕೆ ಒಂದೆರಡು ಪಾಲಾದರೂ ವಿಶೇಷವಲ್ಲ. ಅದರ ಮೇಲೆ ಕೋಣೆಯ ಗೋಡೆಗಳ ಪಾಲೂ ಸೇರುವುದು. ಆದುದರಿಂದ ಆಂಪ್ಲಿಫೈಯರನ್ನು ಲೆಕ್ಕದಿಂದ ಆರಿಸತಕ್ಕದ್ದು. ಸ್ಪೀಕರನ್ನೂ ಹೆಡ್‌ಫೋನನ್ನೂ ಕಿವಿಯಿಂದ ಆರಿಸತಕ್ಕದ್ದು. ಕಿವಿಯಿಂದ ಹೋಲಿಸುವಾಗಲೂ ಎರಡನ್ನೂ ಒಂದೇ ಗಟ್ಟಿಯಲ್ಲಿಟ್ಟು ಹೋಲಿಸಬೇಕು. ಇಲ್ಲವಾದರೆ ತುಸು ಜೋರಾಗಿ ನುಡಿದುದೇ ಉತ್ತಮವೆಂದು ಕಿವಿಯು ಮೋಸಹೋಗುವುದು.

ಈ ಮಾತನ್ನು ಪರೀಕ್ಷಿಸುವುದಕ್ಕೆ ಅವನು ಬೀರುವಿನ ಮಗ್ಗುಲಿಗೆ ಮೂಲೆಯಲ್ಲಿ ಒತ್ತರಿಸಿದ್ದ ನಮ್ಮ ಸ್ಪೀಕರುಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೆದು, ಬರಿಯ ನೆಲಕ್ಕೆ ಜಮಖಾನವನ್ನು ಹಾಸಿದನು. ಗೋಡೆಯೊಳಗಿನಿಂದ ಬಂದಂತೆ ಗುಂಯ್‌ಗುಟ್ಟುತ್ತಿದ್ದ ತಂಬೂರಿಯು ಕೋಣೆಯ ನಡುವೆ ಬಂದು ಕುಳಿತಿತು. ಒಂದು ಗೋಡೆಯ ನೆರೆಯೇ ಮಂದ್ರವನ್ನು 6 ಡೆಸಿಬೆಲ್‌ವರೆಗೂ ಏರಿಸಬಲ್ಲುದೆಂದು ಅವನು ಹೇಳಿದನು. ಕಾಸಿನ ಖರ್ಚಿಲ್ಲದೆ ಇಷ್ಟಾಯಿತು. ಗುಡಿಸುವುದಕ್ಕೆ ಅಡ್ಡವಾಯಿತೆಂದು ಗೃಹಿಣಿಯು ಆಕ್ಷೇಪಿಸಿದುದು ಮಾತ್ರ ನಿಜ.

“ಮಂದ್ರದ ವಿಷಯ ತಿಳಿಯಿತು. ಆ ಸುಯ್ಯೆಂಬ ಸದ್ದು ಹಿಂದೆ ಏಕೆ ಕೇಳಿಸುತ್ತಿರಲಿಲ್ಲ?” ಎಂದು ನಾವು ಕೇಳಿದೆವು. ಅವನು ಹಳೆಯ ರಿಸೀವರಿನ ಮುಖವನ್ನು ನಮ್ಮ ಕಡೆಗೆ ತಿರುಗಿಸಿದನು. ಟ್ರೆಬಲ್ ಎಂದು ಬರೆದಿದ್ದ ಗುಂಡಿಯು ಎಡಗಡೆಯ ಕೊನೆಗೆ ತಿರುಗಿ ನಿಂತಿತ್ತು. ಆಗ ನೆನಪಾಯಿತು. ತಾಯಿಯವರು ಹೋದ ಹೊಸದರಲ್ಲಿ, ಟೇಪಿನ ಸದ್ದು ಕೇಳಿಸದಿರಲೆಂದು ನಾವೇ ಅದನ್ನು ತಿರುಗಿಸಿದ್ದೆವು. ತಿರುಗಿಸಿದುದನ್ನು ಅಷ್ಟು ವರ್ಷ ಮರೆತಿದ್ದೆವು.

ಅಲ್ಲಿಯವರೆಗೆ ಅಕ್ಕನು ಒಂದು ಮಾತನ್ನೂ ಆಡಿರಲಿಲ್ಲ. “ಎಲ್ಲಿ, ನನಗೂ ಒಂದು ಸಲ ಕೇಳಿಸು” ಎಂದು ಹೆಡ್‌ಫೋನನ್ನು ಹಾಕಿಕೊಂಡಳು. ಹೊಸ ಆಂಪ್ಲಿಫೈಯರಿನಲ್ಲಿಯೇ ಮೂರನೆಯ ಹಾಡನ್ನು ಹಚ್ಚಿದೆವು. ಕಣ್ಣು ಮುಚ್ಚಿಕೊಂಡು ಹಾಡು ಮುಗಿಯುವವರೆಗೂ ಕೇಳಿದಳು. ಅನಂತರ ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, “ಅಮ್ಮನ ಧ್ವನಿ ಹೀಗೇ ಇತ್ತು ಕಣೋ” ಎಂದಳು.

“ಇಷ್ಟು ತೆಳುವಾಗಿಯೆ?” ಎಂದೆವು.

“ಆ ವರ್ಷ ಹೀಗೇ ಇತ್ತು. ಸಾಲಿನ ನಡುನಡುವೆ ಉಸಿರು ತೆಗೆದುಕೊಳ್ಳುತ್ತಾಳೆ, ಕೇಳಿಸಲಿಲ್ಲವೆ? ಆಗಲೇ ಅವಳಿಗೆ ಹಿತ್ತಲಿನ ನಾಲ್ಕು ಮೆಟ್ಟಲು ಹತ್ತುವುದಕ್ಕೂ ಆಗುತ್ತಿರಲಿಲ್ಲ. ನೀನು ರಜಕ್ಕೆ ಬಂದಾಗ ಮಾತ್ರ ಏನೂ ಇಲ್ಲದವಳ ಹಾಗೆ ಓಡಾಡುತ್ತಿದ್ದಳು. ನಿನಗೆ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.”

ನಾವು ಹೆಡ್‌ಫೋನನ್ನು ತೆಗೆದುಕೊಂಡು ಅದೇ ಹಾಡನ್ನು ಮತ್ತೊಮ್ಮೆ ಕೇಳಿದೆವು. ಪಲ್ಲವಿಯ ಎರಡನೆಯ ಆವೃತ್ತಿಯಲ್ಲಿ, ಉಸಿರು ತೆಗೆಯಬಾರದ ಕಡೆ ಒಂದು ಉಸಿರು. ಚರಣದ ನಡುವೆ ಎರಡು. ಉಸಿರಿನ ಸದ್ದೂ ಟೇಪಿನ ಸದ್ದೂ ತಾರದ ಒಂದೇ ಪ್ರದೇಶದಲ್ಲಿರುವುವೆಂದು ಅಕ್ಕನ ಮಗನು ಆ ಮೇಲೆ ತಿಳಿಸಿದನು. ಒಂದನ್ನು ಅಡಗಿಸಿದವರು ಇನ್ನೊಂದನ್ನೂ ಅಡಗಿಸಿದ್ದೆವು. ಧ್ವನಿಮುದ್ರಣದ ದಿನ ನಾವು ಆಕೆಯಿಂದ ಒಂದು ಮೊಳದ ದೂರದಲ್ಲಿ, ಟೇಪು ತಿರುಗುವುದನ್ನೇ ನೋಡುತ್ತ ಕುಳಿತಿದ್ದೆವು. ಅಂದು ನಮಗೆ ಕೇಳಿಸಲಿಲ್ಲ; ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೆಡ್‌ಫೋನಿನಲ್ಲಿ ಕೇಳಿದಾಗಲೂ ಕೇಳಿಸಲಿಲ್ಲ.

ಆಂಪ್ಲಿಫೈಯರನ್ನು ಹಿಂದಿರುಗಿಸುವ ಮಾತು ಅಲ್ಲಿಗೆ ಮುಗಿಯಿತು. ಇನ್ನು ಕಿವಿಗೆ ಹಿತವೂ ಬೇಕಲ್ಲವೆ? ಬೇಕು. ಇತರ ಸಂಗೀತಕ್ಕೆಂದು ಮಂದ್ರವು ತುಸು ತುಂಬಿರುವ ಇನ್ನೊಂದು ಹೆಡ್‌ಫೋನನ್ನು, ನಾಲ್ಕನ್ನು ಕೇಳಿ ನೋಡಿ, ಕೊಂಡಿದ್ದೇವೆ. ಅದರ ರುಚಿಯು ಅದರದೆಂದು ನಮಗೆ ತಿಳಿದಿದೆ, ಬೇಡವಾದಾಗ ಕಳಚಿಡಬಹುದು. ಮೆಲ್ಲನೆ ಕೇಳುವಾಗ ಕಿವಿಗೆ ಮಂದ್ರವು ಕಡಮೆಯಾಗಿ ತೋರುವುದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬವರು 1933ರಲ್ಲಿಯೇ ತೋರಿಸಿರುವರು. ಅದಕ್ಕಾಗಿ ಧ್ವನಿಯನ್ನು ಏರಿಸುತ್ತ ಹೋಗುವುದು ಅಪಾಯ: ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬಾರದೆಂದೂ, 90ರಲ್ಲಿ ವಾರಕ್ಕೆ 4 ಗಂಟೆಯೇ ಮಿತಿಯೆಂದೂ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ನಮ್ಮಂತಹ ವಯಸ್ಸಾದವರು ಇದನ್ನು ಮರೆಯದಿರುವುದು ಒಳ್ಳೆಯದು.

ತಾಯಿಯ ಹಾಡುಗಳನ್ನು ಮಾತ್ರ ಹಳೆಯ ಹೆಡ್‌ಫೋನಿನಲ್ಲಿಯೇ ಕೇಳುತ್ತೇವೆ. ಸುಯ್ಯೆಂಬ ಸದ್ದು ಈಗಲೂ ಇದೆ. ಹೊಸ ಆಂಪ್ಲಿಫೈಯರಿಗೆ ಟ್ರೆಬಲ್ ಗುಂಡಿಯಿಲ್ಲ. ಇದ್ದಿದ್ದರೆ ಒಂದೊಂದು ರಾತ್ರಿ ಅದನ್ನು ತಿರುಗಿಸುತ್ತಿದ್ದೆವೋ ಏನೋ.