ವಿಡಿಯೋ ಲಾಸ್

ನಮ್ಮ ಕಡೆ ಕಳ್ಳರಿಗಿಂತ ಜೇಡಗಳ ಕಾಟ ಹೆಚ್ಚು. ಪೊಲೀಸರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಸಿಸಿ ಕ್ಯಾಮೆರಾ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ. ಕತ್ತಲಾಗುತ್ತಿದ್ದಂತೆ ಕ್ಯಾಮೆರಾದ ಕಣ್ಣಿನ ಸುತ್ತ ಇರುವ ಪುಟ್ಟ ಐಆರ್ (ಇನ್‌ಫ್ರಾರೆಡ್) ದೀಪಗಳು ಹೊತ್ತಿಕೊಳ್ಳುತ್ತವೆ. ನಮಗೆ ಮಂದ ಕೆಂಪು ಕಂಡರೆ ಅದೇ ಹೆಚ್ಚು. ಆ ಬೆಳಕಿಗೋ ಬಿಸುಪಿಗೋ ಹುಳ ಬರುತ್ತವೆ, ಹುಳ ಬಂದ ಕಡೆ ಜೇಡ ಸಂಸಾರ ಹೂಡುತ್ತದೆ. ಕ್ಯಾಮೆರಾದ ಮೂಗಿನ ತುದಿಯಲ್ಲೇ ಇರುವ ಬಲೆಯ ಒಂದೊಂದು ಎಳೆಯೂ ಪರದೆಯ ಮೇಲೆ ಬಾವಿ ಹಗ್ಗದಷ್ಟು ದಪ್ಪ. ಗಾಳಿಗೆ ಅದು ಅಲುಗಿತೋ, ಚಿತ್ರ ಬರೆದುಕೊಳ್ಳುವ ಡಿವಿಆರ್ ಪೆಟ್ಟಿಗೆಯ ಪಾಲಿಗೆ ಯಾರೋ ಮನೆಗೆ ನುಗ್ಗಿದ ಹಾಗೇ ಲೆಕ್ಕ. ಬೆಂಗಳೂರಿನಲ್ಲಿರುವ ಆ ಮನೆಯ ಮಗನ ಮೊಬೈಲು ರಾತ್ರಿಯಿಡೀ ಟಿಣ್ ಟಿಣ್. ಬೆಳಗ್ಗೆ ನನಗೆ ಫೋನು: “ಅಣ್ಣ, ರಾತ್ರಿಯೆಲ್ಲ ಮನೆ ಮುಂದೆ ಯಾರೋ ಓಡಾಡಿದಾರೆ, ಬೇಗ ಹೋಗಿ ನೋಡಿ.” ನಾನು ಹೋಗಿ ಪೊರಕೆ ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ ಬರುತ್ತೇನೆ. ಈ ಕೆಲಸಕ್ಕೆ ಐಟಿಐ ಓದಬೇಕಾಗಿರಲಿಲ್ಲ.

ನನ್ನ ಅಂಗಡಿ ಇರುವುದು ಪಾಂಡವಪುರದಲ್ಲಿ, ಐದು ದೀಪದ ವೃತ್ತದಿಂದ ಸ್ವಲ್ಪ ಒಳಗೆ. ಅಂಗಡಿಯೆಂದರೆ ಒಂದು ಟೇಬಲ್ಲು, ಒಂದು ಸೋಲ್ಡರಿಂಗ್ ಐರನ್ನು, ಸತ್ತ ಎಸ್‌ಎಂಪಿಎಸ್ ಪವರ್ ಸಪ್ಲೈಗಳ ಒಂದು ಗುಡ್ಡೆ. ಮೊದಲು ಇದೇ ಟೇಬಲ್ಲಿನ ಮೇಲೆ ಟಿವಿ, ಟೇಪ್‌ರೆಕಾರ್ಡರ್, ವಿಸಿಆರ್ ಬಿಚ್ಚುತ್ತಿದ್ದೆ. ಆಗೆಲ್ಲ ಊರಿಗೆ ಟಿವಿ, ಡೆಕ್ಕು ಬಾಡಿಗೆಗೆ ಬಂದರೆ ಹಬ್ಬ. ಒಂದೇ ರಾತ್ರಿಗೆ ಮೂರು ರಾಜ್‌ಕುಮಾರ್ ಪಿಕ್ಚರು. ಹೆಡ್ಡಿಗೆ ಧೂಳು ಕೂತು ಪರದೆ ಮೇಲೆ ಮಳೆ ಸುರಿಯತೊಡಗಿದರೆ ನಿದ್ದೆಯಲ್ಲಿದ್ದ ನನ್ನನ್ನು ಎಬ್ಬಿಸಿ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಇಡೀ ಊರು ಒಂದು ಪರದೆಯನ್ನು ನೋಡುತ್ತಿತ್ತು. ಈಗ ಒಂದು ಪರದೆ ಒಂದೇ ಮನೆಯನ್ನು ನಾಲ್ಕು ಚೌಕ ಮಾಡಿ ನೋಡುತ್ತದೆ: ಗೇಟು, ಹಿತ್ತಿಲು, ಕೊಟ್ಟಿಗೆ, ನಡುಮನೆ. ನೋಡುವವರು ಮಾತ್ರ ಆ ಮನೆಯಲ್ಲಿ ಇರುವುದಿಲ್ಲ.

ಬೈಕಿನ ಬಾಕ್ಸಿನಲ್ಲಿ ಬಿಎನ್‌ಸಿ ಪಿನ್ನು, ಡಿಸಿ ಪಿನ್ನು, ಮೀಟರು ಹಾಕಿಕೊಂಡು ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಅಂತ ಸುತ್ತುವುದು ನನ್ನ ಪಾಡು. ಶ್ರೀರಂಗಪಟ್ಟಣದ ಕೋಟೆಯೊಳಗೆ ನಿವೃತ್ತ ಮೇಷ್ಟ್ರೊಬ್ಬರ ಮನೆ. ಹಾರ್ಡ್ ಡಿಸ್ಕ್ ಸುಮ್ಮನೆ ಯಾಕೆ ತುಂಬಬೇಕು ಎಂದು ಮೇಷ್ಟ್ರು ರೆಕಾರ್ಡಿಂಗನ್ನು ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಮಾತ್ರ ಇಡಿಸಿದ್ದರು. ಹಿತ್ತಿಲಲ್ಲಿದ್ದ ತಾಮ್ರದ ಹಂಡೆ ಮಟಮಟ ಮಧ್ಯಾಹ್ನ ಮಾಯವಾಯಿತು. ಉಂಡು ಒಂಚೂರು ಅಡ್ಡಾಗಿದ್ದೆವು, ಅಷ್ಟೇ ಎಂದರು. 1799ರ ಮೇ 4ರಂದು ಇಂಗ್ಲಿಷರ ದಂಡು ಇದೇ ಕೋಟೆಗೆ ನುಗ್ಗಿದ್ದೂ ಮಧ್ಯಾಹ್ನ ಒಂದರ ಸುಮಾರಿಗೆ. ಬಿಸಿಲ ಹೊತ್ತಿನಲ್ಲಿ ಕಾವಲು ಸಡಿಲವಾಗಿರುತ್ತದೆ ಎಂದು ಲೆಕ್ಕ ಹಾಕಿಯೇ ಆ ವೇಳೆ ಗೊತ್ತು ಮಾಡಿದ್ದರು. ಎಷ್ಟು ಮಕ್ಕಳಿಗೆ ಈ ಪಾಠ ಮಾಡಿದ್ದರೋ ಮೇಷ್ಟ್ರು! “ಹಗಲು ಹೊತ್ತೂ ಆನ್ ಮಾಡ್ಲಾ ಸಾರ್?” ಎಂದೆ. “ಟಿಪ್ಪೂಗೇ ಆಗದ್ದು ನಮ್ಮಿಂದ ಆಗುತ್ತೇನಯ್ಯಾ” ಎಂದು ನಿಟ್ಟುಸಿರು ಬಿಟ್ಟರು. ಆನ್ ಮಾಡಿ ಬಂದೆ.

ಮೇಲುಕೋಟೆಯಲ್ಲಿ ಕಳ್ಳ ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕಾಂಪೌಂಡಿನ ಮೇಲೆ ಬಾಲ ಇಳಿಬಿಟ್ಟುಕೊಂಡು ಕೂತಿರುತ್ತಾನೆ. ಕೋತಿಗಳಿಗೆ ಬುಲೆಟ್ ಕ್ಯಾಮೆರಾ ಕಂಡರೆ ಅದೇನು ಮೋಜೋ, ಕುತ್ತಿಗೆ ಹಿಡಿದು ತಿರುಗಿಸಿಬಿಡುತ್ತವೆ. ಒಬ್ಬರ ಮನೆಯಲ್ಲಿ ಹದಿನೈದು ದಿನದ ಆಕಾಶ ರೆಕಾರ್ಡ್ ಆಗಿತ್ತು. ಇದೇ ಊರಿನ ವೈರಮುಡಿಯ ಸಂಗತಿ ನಿಮಗೂ ಗೊತ್ತಿರುತ್ತದೆ. ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುವ ಈ ಕಿರೀಟ ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯ ಹಳ್ಳಿಗಳಲ್ಲೆಲ್ಲ ಪೂಜೆ ಮಾಡಿಸಿಕೊಂಡು ಬೆಟ್ಟ ಸೇರುತ್ತದೆ. ಚೆಲುವನಾರಾಯಣನಿಗೆ ಮುಡಿಸುವ ಮುಂಚೆ ಅದನ್ನು ಯಾರೂ ಬರಿಗಣ್ಣಿನಿಂದ ನೋಡಬಾರದು, ಮುಡಿಸುವ ಅರ್ಚಕರೂ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಕು ಎಂಬುದು ರೂಢಿ. ನನ್ನ ಕಸುಬಿಗೆ ಪೂರಾ ಉಲ್ಟಾ. ನೋಡದೇ ಇರುವುದೂ ಒಂದು ಕಾವಲು ಎಂದು ನಂಬಿರುವ ಊರಿನಲ್ಲಿ ನಾನು ಗೋಡೆಗೋಡೆಗೂ ಕಣ್ಣು ಕೂರಿಸುತ್ತಾ ತಿರುಗುತ್ತಿದ್ದೇನೆ.

ನಾಗಮಂಗಲದ ಕಡೆಯ ತೋಟದ ಮನೆಗಳದು ಬೇರೆಯೇ ರಗಳೆ. “ಹಗಲೆಲ್ಲ ಸಂದಾಗಿ ಕಾಣ್ತದೆ ಕನಣ್ಣ, ಕತ್ಲಾಗ್ತಿದ್ದಂಗೆ ಅದೇನೋ ವಿಡಿಯೋ ಲಾಸು ಅಂತ ಬರ್ಕಂಡು ಕುಂತ್ಕತದೆ. ಆಗ್ದಿರೋರು ಏನೋ ಮಾಡ್ಸವ್ರೆ.” ಹೋಗಿ ನೋಡಿದರೆ ಕ್ಯಾಮೆರಾದ ನೆತ್ತಿಗೆ ಒಂದು ನಿಂಬೆಹಣ್ಣು, ಎರಡು ಹಸಿಮೆಣಸಿನಕಾಯಿ ಕಟ್ಟಿದೆ. ಮಾಟವೂ ಇಲ್ಲ, ಮಂತ್ರವೂ ಇಲ್ಲ. ಕ್ಯಾಮೆರಾಗೆ ಬೇಕಾದ್ದು 12 ವೋಲ್ಟು. ಹಗಲು ಅದಕ್ಕೆ ಹಸಿವು ಕಮ್ಮಿ. ರಾತ್ರಿ ಐಆರ್ ದೀಪ ಹೊತ್ತಿಕೊಂಡ ಮೇಲೆ ಕರೆಂಟ್ ಹೆಚ್ಚು ಎಳೆಯುತ್ತದೆ. ಮನೆಯಿಂದ ಪಂಪ್‌ಸೆಟ್ಟಿನವರೆಗೆ ಎಳೆದಿರುವ ತೆಳ್ಳನೆ ತಂತಿಯಲ್ಲಿ ಅಷ್ಟು ದೂರ ಹರಿಯುವಷ್ಟರಲ್ಲಿ ವೋಲ್ಟೇಜ್ ಇಳಿದುಹೋಗಿ, ಮೀಟರ್ ಇಟ್ಟರೆ ಒಂಬತ್ತೂ ತೋರಿಸುವುದಿಲ್ಲ. ಕ್ಯಾಮೆರಾ ಕಣ್ಣು ಮುಚ್ಚುತ್ತದೆ. ದೀಪ ಆರಿದರೆ ಮತ್ತೆ ಜೀವ ಬರುತ್ತದೆ, ದೀಪ ಹತ್ತಿದರೆ ಮತ್ತೆ ಹೋಗುತ್ತದೆ. ನಮ್ಮದೇ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿ ನೆಟ್ಟಗೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ನಮ್ಮ ತೋಟದ ತುದಿಗೆ ಬರುವಷ್ಟರಲ್ಲಿ ಅದಕ್ಕೂ ಸುಸ್ತಾಗಿರಬೇಕು. ಪಂಪ್‌ಸೆಟ್ ಮನೆಯಲ್ಲೇ ಬೇರೆ ಅಡಾಪ್ಟರ್ ಕೂರಿಸಿದೆ, ರಾತ್ರಿಯೂ ಚಿತ್ರ ಬಂತು. ನಿಂಬೆಹಣ್ಣನ್ನು ಮಾತ್ರ ಬಿಚ್ಚಲು ಬಿಡಲಿಲ್ಲ. ಕ್ಯಾಮೆರಾ ಸರಿಹೋದದ್ದು ಯಾವುದರಿಂದ ಎಂಬ ಚರ್ಚೆ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಆದಿಚುಂಚನಗಿರಿಯ ಆಸುಪಾಸಿನಲ್ಲಿ ನವಿಲು ಜಾಸ್ತಿ. ನವಿಲು ಅಂಗಳಕ್ಕೆ ಇಳಿದರೂ ಅಲರ್ಟ್ ಹೋಗುತ್ತದೆ. ಆ ಕಡೆಯ ಹುಡುಗನೊಬ್ಬ ಡಲ್ಲಾಸಿನಲ್ಲಿದ್ದಾನೆ. ಅವನಿಗೆ ಈ ಕಾಟ ತಪ್ಪಿಸೋಣ ಎಂದು ಹಿತ್ತಿಲ ಕ್ಯಾಮೆರಾದ ಅಲರ್ಟ್ ತೆಗೆದುಬಿಡಲೇ ಎಂದು ಕೇಳಿದೆ. “ಬೇಡಿ ಅಣ್ಣ, ಅದೊಂದು ಬರ್ತಾ ಇರ್ಲಿ” ಎಂದ.

ಕೆ.ಆರ್. ಪೇಟೆ ಹತ್ತಿರ ಕುರಿ ಕಳವಾದ ಒಂದು ಪ್ರಸಂಗದಲ್ಲಿ ಕಳ್ಳ ಸೊಗಸಾಗಿ ಸಿಕ್ಕಿಬಿದ್ದಿದ್ದ. ಮುಖ ಇದೆ, ಕುರಿ ಇದೆ, ಕುರಿ ಹೊತ್ತ ಸ್ಕೂಟರಿನ ನಂಬರೂ ಇದೆ. ಮೂಲೆಯಲ್ಲಿ ತಾರೀಕು ಮಾತ್ರ 01-01-2000. ಡಿವಿಆರ್ ಹೊಟ್ಟೆಯಲ್ಲಿ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ, ಗಡಿಯಾರ ಓಡಿಸುವುದೇ ಅದರ ಕೆಲಸ. ಅದು ಸತ್ತ ಮೇಲೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ಆ ಮನೆಗೆ ಹೊಸ ಶತಮಾನ ಹುಟ್ಟುತ್ತಿತ್ತು. ನೋಡಲು ಬಂದ ಪೇದೆ ತಲೆ ಕೆರೆದುಕೊಂಡರು: “ಅಲ್ರೀ, ಈ ಕುರಿ ಹುಟ್ಟಿದ್ದೇ ಹೋದ ಯುಗಾದಿಗಲ್ವಾ?” 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಅದರ 63ನೇ ಸೆಕ್ಷನ್ನಿನಂತೆ ಇಂಥ ವಿಡಿಯೋ ಜೊತೆಗೆ ಪ್ರಮಾಣಪತ್ರ ಕೊಡಬೇಕು. ಕುರಿ ಹುಟ್ಟುವ ಮೊದಲೇ ಕಳವಾಗಿತ್ತು ಎಂದು ಪ್ರಮಾಣ ಮಾಡುವವರು ಯಾರು? ಬ್ಯಾಟರಿಗೆ ಐವತ್ತು ರೂಪಾಯಿಯೂ ಇಲ್ಲ.

ಇನ್ನು ಕಿಕ್ಕೇರಿ ಹತ್ತಿರದ ಒಂದು ಮನೆಯ ಮಾತು. ಗಂಡ ಹೆಂಡಿರ ಒಲವನ್ನೇ ಹಾಡಿದ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು ಕಿಕ್ಕೇರಿ. ಅವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂತು. ಕವಿಗೂ ಡಿವಿಆರ್‌ಗೂ ಏನು ನಂಟು ಅನ್ನಬೇಡಿ. ಆ ಮನೆಯ ಅಂಗಳದಲ್ಲಿ ರಾಶಿ ಹಾಕಿದ್ದ ತೆಂಗಿನಕಾಯಿ ಕಳವಾಗಿತ್ತು, ಮೊಮ್ಮಗ ಕರೆಸಿದ್ದ. ಟಿವಿಯಲ್ಲಿ ನಾಲ್ಕು ಚೌಕವೂ ಚೆನ್ನಾಗಿಯೇ ಕಾಣುತ್ತಿವೆ. ಪ್ಲೇಬ್ಯಾಕ್ ಹಾಕಿದರೆ ಏನೂ ಇಲ್ಲ. ಜನ ಮೋಸ ಹೋಗುವುದೇ ಇಲ್ಲಿ. ಪರದೆಯಲ್ಲಿ ಕಂಡದ್ದೆಲ್ಲ ಒಳಗೆ ಬರೆದುಕೊಳ್ಳುತ್ತಿದೆ ಎಂದುಕೊಂಡಿರುತ್ತಾರೆ. ಹಾರ್ಡ್ ಡಿಸ್ಕ್ ಸತ್ತಿದ್ದರೂ, ತುಂಬಿದ್ದರೂ ಪರದೆಗೆ ಚಿತ್ರ ಬರುತ್ತಲೇ ಇರುತ್ತದೆ. ನಾಲ್ಕು ಕ್ಯಾಮೆರಾಗೆ 1 ಟಿಬಿ ಡಿಸ್ಕ್ ಎಂದರೆ ಹೆಚ್ಚೂಕಮ್ಮಿ ಎರಡು ಮೂರು ವಾರ ಬರುತ್ತದೆ. ಆಮೇಲೆ ಎಲ್ಲಕ್ಕಿಂತ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯಬೇಕು. ಹಾಗೆ ಬರೆ ಎಂದು ಮೊದಲೇ ಟಿಕ್ ಹಾಕಿರಬೇಕು. ಇಲ್ಲಿ ಯಾರೂ ಹಾಕಿರಲಿಲ್ಲ. ಡಿಸ್ಕ್ ತುಂಬಿದ ದಿನವೇ ರೆಕಾರ್ಡಿಂಗ್ ನಿಂತಿದೆ. ಅದಾಗಿ ವರ್ಷಗಳೇ ಆಗಿವೆ.

ಕಡೆಯದಾಗಿ ಏನು ಸಿಕ್ಕಿದೆ ನೋಡೋಣ ಎಂದು ಕ್ಯಾಲೆಂಡರಿನಲ್ಲಿ ಹಿಂದೆ ಹೋಗಿ ಒಂದು ದಿನ ಒತ್ತಿದೆ. ಅಂಗಳದ ಚೌಕದಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಯಜಮಾನರು ಕೂತಿದ್ದಾರೆ. ಕೆಂಪು ಪ್ಲಾಸ್ಟಿಕ್ ಕುರ್ಚಿ. ಹೊಂಗೆ ಮರದ ನೆರಳು ಸರಿದ ಹಾಗೆ ಏಳುತ್ತಾರೆ, ಕುರ್ಚಿಯನ್ನು ಎರಡು ಗೇಣು ಎಳೆದುಕೊಳ್ಳುತ್ತಾರೆ, ಟವೆಲಿನಿಂದ ಒಂದು ಸಲ ಒದರಿ ಮತ್ತೆ ಕೂರುತ್ತಾರೆ. ಒಮ್ಮೆ ತಲೆಯೆತ್ತಿ ಕ್ಯಾಮೆರಾವನ್ನು ಅನುಮಾನದಿಂದ ನೋಡಿದರು. ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಅಜ್ಜಿ ಅಲ್ಲೇ ನಿಂತುಬಿಟ್ಟಿತು.

“ಅದ ತಗೀಬ್ಯಾಡ ಕನಪ್ಪ. ಅಂಗೇ ಇರ್ಲಿ.”

ಟಿವಿ ಮುಂದೆ ನೆಲದ ಮೇಲೆ ಕೂತಿತು. ಯಜಮಾನರು ಇನ್ನೊಂದು ಸಲ ಕುರ್ಚಿ ಎಳೆದುಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಅಜ್ಜಿ ಕೇಳಿತು: “ಮಾತು ಬರಾಕಿಲ್ವಾ ಇದ್ರಲ್ಲಿ?”

“ಇಲ್ಲ ಕನವ್ವ, ಈ ಕ್ಯಾಮೆರಾಗೆ ಮೈಕಿಲ್ಲ.”

“ಬುಡು. ಇದ್ದಾಗ್ಲೂ ಅವ್ರ ಮಾತು ಅಷ್ಟ್ರಲ್ಲೇ ಇತ್ತು.”

ಮೊಮ್ಮಗ ಡಿಸ್ಕ್ ಫಾರ್ಮ್ಯಾಟ್ ಮಾಡಿಬಿಡಿ ಎಂದ. ಅಜ್ಜಿ ಒಪ್ಪಲಿಲ್ಲ. ಕಾಯಿ ಹೋದರೆ ಹೋಗಲಿ, ಮರ ಇದೆ ಎಂದಿತು. ಹೊಸ ಡಿಸ್ಕ್ ಹಾಕುವುದೆಂದಾಯಿತು. ಡಿವಿಆರ್‌ನಲ್ಲಿ ಬರೆದ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಅದಕ್ಕೆ ಇದರ ಲಿಪಿ ಗೊತ್ತಾಗದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ, ಗೊತ್ತಿಲ್ಲದವರು ಹೂಂ ಅಂದರೆ ಮುಗಿಯಿತು. ಹಾಗಾಗಿ ಹಳೆಯದನ್ನು ಮೊದಲು ಡಿವಿಆರ್‌ನಲ್ಲೇ ಇಟ್ಟು ಒಂದೊಂದು ದಿನದ್ದೇ ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆದುಕೊಟ್ಟು, ಆಮೇಲೆ ಹೊಸದನ್ನು ಹಾಕಿದೆ. ಹಳೆಯ ಡಿಸ್ಕ್ ಈಗ ಅಜ್ಜಿಯ ಟ್ರಂಕಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗಿದೆ. ಬಿಲ್ಲಿನಲ್ಲಿ ಬರೆದದ್ದು ಇಷ್ಟು: ‘ಓವರ್‌ರೈಟ್ ಆಫ್ ಇತ್ತು. ಸರಿ ಮಾಡಲಾಗಿದೆ.’

ಮನೆಗೆ ಕ್ಯಾಮೆರಾ ಹಾಕುವ ಯೋಚನೆ ಮೊದಮೊದಲು ಬಂದವರಲ್ಲಿ ಒಬ್ಬರು ನ್ಯೂಯಾರ್ಕಿನ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸು. ಗಂಡ ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರಬೇಕಾಗುತ್ತಿತ್ತು, ಬಾಗಿಲು ತಟ್ಟಿದವರು ಯಾರೆಂದು ಒಳಗಿಂದಲೇ ತಿಳಿಯಬೇಕಿತ್ತು. 1966ರಲ್ಲಿ ಗಂಡ ಹೆಂಡತಿ ಸೇರಿ ಅರ್ಜಿ ಹಾಕಿದರು, 1969ರಲ್ಲಿ ಪೇಟೆಂಟ್ ಸಿಕ್ಕಿತು. ಆ ಹೆಣ್ಣುಮಗಳ ಯಂತ್ರದಲ್ಲಿ ಬಾಗಿಲಾಚೆ ನಿಂತವರ ಜೊತೆ ಮಾತಾಡಲು ಮೈಕೂ ಸ್ಪೀಕರೂ ಇದ್ದವು. ನೋಡಿದರೆ ಸಾಲದು, ವಿಚಾರಿಸಿಕೊಳ್ಳಬೇಕು ಎಂದು ಆಕೆಗೆ ಅನ್ನಿಸಿತ್ತು. ನಮ್ಮ ಜಗಲಿ ಮೇಲೆ ಕೂತಿರುತ್ತಿದ್ದ ಮುದುಕರದ್ದೂ ಅದೇ ವಿಧಾನ. ಬೀದಿಯಲ್ಲಿ ಹೊಸ ಮುಖ ಕಂಡರೆ ಯಾವೂರು, ಯಾರ ಪೈಕಿ, ಮಳೆ ಆಯ್ತಾ ಎಂದು ಕೇಳಿ, ಕೊನೆಗೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಯಾವ ಕಳ್ಳ ತಾನೇ ಅಷ್ಟು ಪ್ರಶ್ನೆಗೆ ಉತ್ತರ ಕೊಟ್ಟುಕೊಂಡು ಕದ್ದಾನು?

ಕಿರಂಗೂರಿನ ಕಡೆ ಒಬ್ಬ ತಾಯಿ ಇದ್ದಾರೆ. ಅವರ ಮನೆ ಕ್ಯಾಮೆರಾ ವಾರಕ್ಕೊಂದು ಸಲವಾದರೂ ಆಫ್‌ಲೈನ್. ಅಡಾಪ್ಟರ್ ಬದಲಾಯಿಸಿದ್ದಾಯಿತು, ರೂಟರ್ ಬದಲಾಯಿಸಿದ್ದಾಯಿತು, ಹೊಸ ಪಿನ್ ಹಾಕಿದ್ದಾಯಿತು. ಕೊನೆಗೊಂದು ದಿನ ಹೇಳದೆ ಕೇಳದೆ ಹೋದೆ. ಡಿವಿಆರ್ ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟಿದೆ, ತಾಯಿ ಫೋನ್ ಎದುರಿಗಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾರೆ.

“ಇದ್ಯಾಕವ್ವ ಕಿತ್ತಿದ್ದು?”

“ಹಾಕಿದ್ರೆ ಕಾಣ್ತಾ ಇರ್ತೀನಲ್ಲಪ್ಪ, ಮಗ ಫೋನ್ ಮಾಡಾಕಿಲ್ಲ. ಕಿತ್ರೆ ಅರ್ಧ ಗಂಟೇಲಿ ಮಾಡ್ತನೆ.”

ಹೇಳಿ ಮುಗಿಸುವುದಕ್ಕೂ ಫೋನ್ ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ನನಗೆ ಬಾಯಿ ಮುಚ್ಚು ಎಂದು ಸನ್ನೆ ಮಾಡಿ ತಾಯಿ ಎತ್ತಿಕೊಂಡರು: “ಅದೇನೋ ಕನ ಮಗ, ಮಿಷನ್ನು ಮತ್ತೆ ಕೆಟ್ಟೋಗದೆ. ನೀ ಉಂಡ್ಯಾ?” ನಾನು ಅವರೆಕಾಯಿ ಬಿಡಿಸುತ್ತಾ ಕೂತೆ. ಆ ಭೇಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಒಂದು ಸೇರು ಕಾಳು ಕೊಟ್ಟರು.

ಆದ್ದರಿಂದ ದೂರದಲ್ಲಿ ಕೂತು ಊರಿನ ಮನೆಯ ನಾಲ್ಕು ಚೌಕ ನೋಡುವವರಲ್ಲಿ ನನ್ನದೊಂದು ಕೋರಿಕೆ. ತಿಂಗಳಿಗೊಂದು ಸಲ ಪ್ಲೇಬ್ಯಾಕ್ ಹಾಕಿ ಹಿಂದಿನ ವಾರದ್ದು ಬರುತ್ತದೆಯೇ ನೋಡಿ. ತಾರೀಕು ಸರಿಯಿದೆಯೇ ನೋಡಿ. ಜೇಡರ ಬಲೆ ತೆಗೆಸಿ. ಆಪ್‌ನಲ್ಲಿ ಆಫ್‌ಲೈನ್ ಎಂದು ಬಂದರೆ ಮೊದಲು ನನಗೆ ಫೋನ್ ಮಾಡಬೇಡಿ, ಮನೆಗೆ ಮಾಡಿ. ಊಟ ಆಯ್ತಾ, ಮಂಡಿ ನೋವು ಹೇಗಿದೆ, ಹಸು ಎಷ್ಟು ಹಾಲು ಕೊಡುತ್ತಿದೆ ಎಂದೆಲ್ಲ ಕೇಳಿ, ಪ್ಲಗ್ಗಿನ ವಿಷಯ ಕೊನೆಗೆ ಎತ್ತಿ. ಅಷ್ಟಾದರೂ ಚಿತ್ರ ಬರದಿದ್ದರೆ ನಾನಿದ್ದೇನೆ. ವಿಸಿಟಿಂಗ್ ಚಾರ್ಜ್ ಮುನ್ನೂರು, ಪೆಟ್ರೋಲು ಬೇರೆ.