ತೊಟ್ಟಿಲುಗಳ ಗುಡಿ

ಬೆಂಗಳೂರಿನಿಂದ ಮೈಸೂರಿಗೆ ಧಾವಿಸುವ ವಾಹನಗಳು ಈಗ ದೊಡ್ಡಮಳೂರನ್ನು ನೋಡುವುದೇ ಇಲ್ಲ. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಅವು ಚನ್ನಪಟ್ಟಣದ ಹೊರಗಿನಿಂದಲೇ ಹಾದುಹೋಗುತ್ತವೆ. ಹಳೆಯ ರಸ್ತೆಯ ಬಸ್ಸು ಹಿಡಿದವನಿಗೆ ಮಾತ್ರ, ಚನ್ನಪಟ್ಟಣ ದಾಟಿ ತುಸು ದೂರ ಹೋಗುವಷ್ಟರಲ್ಲಿ, ಅಪ್ರಮೇಯಸ್ವಾಮಿಯ ಗುಡಿ ಎದುರಾಗುತ್ತದೆ. ಅಪ್ರಮೇಯನೆಂದರೆ ಅಳತೆಗೆ ಸಿಲುಕದವನು. ಅಳತೆಗೆ ಸಿಲುಕದ ಆ ದೊಡ್ಡ ದೇವರ ಗುಡಿಗೆ ಜನ ಬರುವುದು ಬಹುಮಟ್ಟಿಗೆ ಅಲ್ಲಿಯ ಪುಟ್ಟ ಕೂಸೊಂದನ್ನು ಕಾಣುವುದಕ್ಕೆ!

ಆ ಕೂಸೇ ಅಂಬೆಗಾಲು ಕೃಷ್ಣ. ಒಂದು ಅಂಗೈಯನ್ನು ನೆಲಕ್ಕೂರಿ, ಇನ್ನೊಂದರಲ್ಲಿ ಬೆಣ್ಣೆಯ ಮುದ್ದೆ ಹಿಡಿದು, ಮುಖವನ್ನು ಕೊಂಚ ಹೊರಳಿಸಿದ ಕಪ್ಪು ಕಲ್ಲಿನ ಮಗು. ಪುರಂದರದಾಸರು ಬಾಗಿಲ ಹೊರಗೆ ನಿಂತು ‘ಜಗದೋದ್ಧಾರನ’ ಹಾಡಿದಾಗ ಕೃಷ್ಣ ಕತ್ತು ತಿರುಗಿಸಿ ನೋಡಿದನೆಂದು ಸ್ಥಳದವರು ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, ಶಿಲ್ಪಿಯ ಮನೆಯಲ್ಲಿ ಎಂಟೊಂಬತ್ತು ತಿಂಗಳ ಮಗುವೊಂದು ಇದ್ದಿರಲೇಬೇಕು. ಅಂಬೆಗಾಲಿಡುವ ಕೂಸು ಕೈಗೆ ಸಿಕ್ಕಿದ್ದನ್ನು ಬಿಡಲೊಲ್ಲದೆ, ಮೈಭಾರವನ್ನೆಲ್ಲ ಒಂದೇ ಕೈಗೆ ಹಾಕಿ, ಕರೆದವರತ್ತ ನೋಡುವ ಆ ಕ್ಷಣವನ್ನು ಕಾಣದವನು ಕಡೆಯಲಾರ.

ಸನ್ನಿಧಿಯ ಸುತ್ತ ತೊಟ್ಟಿಲುಗಳು. ಮಕ್ಕಳಿಲ್ಲದವರು ಹರಕೆ ಹೊತ್ತು ಒಪ್ಪಿಸಿದ ಮರದ ಪುಟ್ಟ ತೊಟ್ಟಿಲುಗಳು, ಉಳ್ಳವರು ತಂದ ಬೆಳ್ಳಿಯವು. ಒಂದೊಂದು ತೊಟ್ಟಿಲೂ ಒಂದೊಂದು ಮನೆಯ ಗುಟ್ಟು. ಆ ಮನೆಯಲ್ಲಿ ಎಷ್ಟು ವರ್ಷ ಯಾರು ಯಾರಿಂದ ಏನೇನು ಮಾತು ಕೇಳಬೇಕಾಯಿತೆಂಬುದು ತೊಟ್ಟಿಲಿಗೆ ಗೊತ್ತಿಲ್ಲ. ಕೇಳಿದವಳು ಸಾಮಾನ್ಯವಾಗಿ ಹೆಂಗಸು. ಕಾರಣ ಗಂಡನಲ್ಲಿಯೂ ಇರಬಹುದೆಂದು, ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿ ಬಹುಕಾಲವಾಯಿತು. ಮಾತು ಇನ್ನೂ ಎಲ್ಲ ಪಡಸಾಲೆಗಳನ್ನು ಮುಟ್ಟಿಲ್ಲ.

ಭಾನುವಾರದ ಒಂದು ಬೆಳಿಗ್ಗೆ ಅಲ್ಲೊಂದು ಸಂಸಾರ ಹರಕೆ ತೀರಿಸಲು ಬಂದಿತ್ತು. ಐದು ತಿಂಗಳ ಕೂಸು, ಅದರ ತಾಯಿ, ಅಜ್ಜಿ. ಪೂಜೆಯಾಗಿ ಬೆಣ್ಣೆಯ ಪ್ರಸಾದ ಕೈಗೆ ಬಂದೊಡನೆ ಅಜ್ಜಿಯ ಬೆರಳು ಮಗುವಿನ ಬಾಯಿಯತ್ತ ಹೊರಟಿತು.

“ಬೇಡಿ ಅತ್ತೆ. ಆರು ತಿಂಗಳು ತುಂಬೋವರೆಗೂ ಎದೆಹಾಲೊಂದೇ ಅಂದಿದಾರೆ ಡಾಕ್ಟರು.”

“ದೇವರ ಬೆಣ್ಣೆ ಕಣಮ್ಮ, ಒಂದು ಚೂರು. ನಿನ್ನ ಗಂಡನಿಗೆ ಹುಟ್ಟಿದ ದಿನವೇ ಜೇನು ನೆಕ್ಕಿಸಿದ್ದೆ, ಏನಾಯಿತು?”

ಏನೂ ಆಗಲಿಲ್ಲವೆಂಬುದು ನಿಜ. ಆದರೆ ಜೇನಿನಲ್ಲಿ ಒಮ್ಮೊಮ್ಮೆ ಅಡಗಿರುವ ರೋಗಾಣುವಿನ ಬೀಜಕಗಳನ್ನು ಎಳೆಯ ಕರುಳು ತಡೆಯಲಾರದು. ಆದ್ದರಿಂದಲೇ ಒಂದು ವರ್ಷ ತುಂಬುವವರೆಗೆ ಜೇನು ಕೂಡದು. ಎದೆಹಾಲಿನಲ್ಲಿ ನೀರೂ ಉಂಟು, ಆಹಾರವೂ ಉಂಟು. ಮೊದಲ ಆರು ತಿಂಗಳು ಬೇಸಗೆಯಲ್ಲಿ ಕೂಡ ಮಗುವಿಗೆ ಬೇರೆ ನೀರು ಬೇಕಿಲ್ಲ. ಸೊಸೆ ಇಷ್ಟನ್ನೆಲ್ಲ ವಾದಿಸಲಿಲ್ಲ. ಅತ್ತೆಯ ಬೆರಳನ್ನು ಮೆಲ್ಲಗೆ ಹಿಡಿದು ಮಗುವಿನ ನೆತ್ತಿಗೆ ಮುಟ್ಟಿಸಿದಳು. ಅಜ್ಜಿ ಕ್ಷಣಕಾಲ ತಡೆದು, ಬಳಿಕ ತಾನೇ ಬೆಣ್ಣೆಯನ್ನು ನೆತ್ತಿಗೆ ತಿಕ್ಕತೊಡಗಿದರು.

ಹೊರಗೆ ಬಂದರೆ ಬೊಂಬೆಗಳು. ಚನ್ನಪಟ್ಟಣದ ಬೊಂಬೆ ಹಾಲೆಮರದ್ದು. ಬೆಳ್ಳಗಿನ, ನುಣುಪಾದ ಮರ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಅಂಟುತ್ತದೆ. ಮೇಲೆ ಕೇದಗೆಯ ಗರಿಯಿಂದ ತೀಡಿ ಹೊಳಪು ಕೊಡುತ್ತಾರೆ. ಮಗು ಕಂಡದ್ದನ್ನೆಲ್ಲ ಬಾಯಿಗೇ ಒಯ್ಯುವುದರಿಂದ ಬಣ್ಣ ಯಾವುದೆಂದು ಕೇಳಿ ಕೊಳ್ಳುವುದು ಮೇಲು. ಅರಿಸಿನ, ನೀಲಿಗಿಡಗಳ ಬಣ್ಣ ಬೆರೆಸಿದ ಅರಗಿನ ಗಿಲಕಿಗಳು ಸಿಗುತ್ತವೆ. ಸೊಸೆ ಕೇಳಿಯೇ ಕೊಂಡಳು.

ಅಲ್ಲಿಯೇ ಕಂಬಕ್ಕೊರಗಿ ಮತ್ತೊಬ್ಬಳು ನಿಂತಿದ್ದಳು. ಕೈಯಲ್ಲಿ ಇನ್ನೂ ಒಪ್ಪಿಸದ ತೊಟ್ಟಿಲು. ವಯಸ್ಸು ಮೂವತ್ತೈದರ ಆಚೆ. ಗಿಲಕಿಯ ಸದ್ದಿಗೆ ಅವಳ ಕಣ್ಣು ಮಗುವಿನ ಮೇಲೆ ಬಿತ್ತು. ಅಜ್ಜಿಯ ಸೆರಗು ತಾನಾಗಿ ಮಗುವಿನ ಮುಖಕ್ಕೆ ಬಂದಿತು. ದೃಷ್ಟಿಯ ಭಯ! ಕೆಟ್ಟತನವಲ್ಲ, ಹಳೆಯ ಅಭ್ಯಾಸ. ಆದರೆ ನಿಂತವಳಿಗೆ ಎರಡೂ ಒಂದೇ ತಾನೆ? ಅವಳು ಬೇರೆಡೆ ನೋಡಿದಳು.

ಸೊಸೆ ಹತ್ತಿರ ಹೋಗಿ, “ಅಕ್ಕಾ, ಚಪ್ಪಲಿ ಹಾಕಿಕೊಳ್ಳಬೇಕು, ಒಂದು ನಿಮಿಷ ಇವನನ್ನು ಎತ್ತಿಕೊಳ್ಳುತ್ತೀರಾ?” ಎಂದಳು.

ಅವಳು ತೊಟ್ಟಿಲನ್ನು ಕಲ್ಲಿನ ಮೇಲಿಟ್ಟು ಕೈ ಚಾಚಿದಳು. ಕೂಸು ಒಡನೆಯೇ ಅವಳ ತಾಳಿಯ ಸರವನ್ನು ಹಿಡಿದು ಬಾಯಿಗೆ ಎಳೆಯಿತು. ಬಿಡಿಸಲು ಮೂವರ ಕೈ ಬೇಕಾಯಿತು, ಅಜ್ಜಿಯದೂ ಸೇರಿ. ಅಷ್ಟರಲ್ಲಿ ಮೈಸೂರಿನ ಬಸ್ಸು ಬಂದಿತು. ಚಪ್ಪಲಿ ಹಾಕಿಕೊಳ್ಳುವುದು ಮಾತ್ರ ಇನ್ನೂ ಆಗಿರಲಿಲ್ಲ.